ಪ್ರಥಮ ವರ್ಷದ ಎಂಜಿನಿಯರಿಂಗ್ ಶಿಕ್ಷಣದಲ್ಲಿ ಕೈಕೆಲಸದ ಸ್ಥಾನ

ಪುಸ್ತಕದ ವಿದ್ಯೆ ಬೇರೆ, ಕೈಯ ವಿದ್ಯೆ ಬೇರೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಇದರ ಫಲವನ್ನು ಹೆಚ್ಚಾಗಿ ಅನುಭವಿಸುವವರು ಎಂಜಿನಿಯರಿಂಗ್ ಕಾಲೇಜಿನ ಪ್ರಥಮ ವರ್ಷದ ವಿದ್ಯಾರ್ಥಿಗಳು. ಹೊಸದುರ್ಗ, ಹೊಳಲ್ಕೆರೆಗಳ ಗ್ರಾಮಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ರೈತನ ಮಗ ಪಂಪುಸೆಟ್ಟಿನ ಸ್ವಭಾವವನ್ನು ಬಲ್ಲನು; ಅದೇ ತತ್ತ್ವವು ಇಂಗ್ಲಿಷಿನ ಸಮೀಕರಣವಾಗಿ ಕರಿಹಲಗೆಯ ಮೇಲೆ ಮೂಡಿದಾಗ ಅಧೀರನಾಗುತ್ತಾನೆ. ಅವನಲ್ಲಿ ಬುದ್ಧಿಯ ಕೊರತೆಯಿಲ್ಲ. ಅನುಭವಕ್ಕೂ ಸೂತ್ರಕ್ಕೂ ನಡುವೆ ಸೇತುವೆಯಿಲ್ಲ.

ಈ ಸೇತುವೆಯನ್ನು ಕಟ್ಟುವ ಯತ್ನ ನಮ್ಮ ನಾಡಿನಲ್ಲಿಯೇ ನಡೆದಿದೆ. 1947ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಅಲ್ಲಿ ಪ್ರಥಮ ವರ್ಷದವರಿಗಾಗಿ ‘ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್’ ಎಂಬ ಪಾಠಕ್ರಮವನ್ನು ಆರಂಭಿಸಿ, ವಿದ್ಯಾರ್ಥಿಗಳು ತಂಡಗಳಾಗಿ ಸಮಸ್ಯೆಯೊಂದನ್ನು ಆರಿಸಿ ಮಾದರಿಯನ್ನು ರಚಿಸುವಂತೆ ಮಾಡಲಾಯಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಯೋಜನೆಯೂ ವಿನ್ಯಾಸಚಿಂತನೆಗೆ ಪ್ರಥಮ ವರ್ಷದಲ್ಲಿಯೇ ಸ್ಥಾನವಿತ್ತಿದೆ.

ನಮ್ಮ ಜಿಲ್ಲೆಯಲ್ಲಿ ಇಂತಹ ಪಾಠಕ್ಕೆ ವಸ್ತುವಿನ ಬಡತನವಿಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರ ಬಳಿಕ 2022ರಲ್ಲಿ ಕೋಡಿ ಹರಿಯಿತು. ಅದರ ಕಲ್ಲುಕಟ್ಟೆ ತಳದಲ್ಲಿ ಅಷ್ಟು ದಪ್ಪವೇಕೆ? ವಿದ್ಯಾರ್ಥಿಗಳು ಒಂದು ಡ್ರಮ್ಮಿಗೆ ನೀರಿನ ಮಟ್ಟದಿಂದ 10 ಸೆಂಟಿಮೀಟರ್ ಮತ್ತು 40 ಸೆಂಟಿಮೀಟರ್ ಕೆಳಗೆ ಸಮಾನವಾದ ಎರಡು ರಂಧ್ರಗಳನ್ನು ಕೊರೆಯಲಿ. ಮಟ್ಟ ತಗ್ಗದಂತೆ ನೀರು ಸುರಿಯುತ್ತ, ಒಂದೊಂದು ನಿಮಿಷದ ಹರಿವನ್ನು ಅಳೆಯಲಿ. ಕೆಳಗಿನ ರಂಧ್ರದಲ್ಲಿ ನಾಲ್ಮಡಿ ನೀರನ್ನು ನಿರೀಕ್ಷಿಸಿದವರಿಗೆ ದೊರೆಯುವುದು ಸುಮಾರು ಇಮ್ಮಡಿ ಮಾತ್ರ. ಆಳದೊಡನೆ ಒತ್ತಡ ನಾಲ್ಮಡಿಯಾದರೂ ಹರಿವಿನ ವೇಗವು ಆಳದ ವರ್ಗಮೂಲವನ್ನು ಅನುಸರಿಸುತ್ತದೆ. ಈ ಅಚ್ಚರಿಯ ಕ್ಷಣದಲ್ಲಿ ಬರೆದ ಸಮೀಕರಣವು ಮರೆಯುವಂತಹುದಲ್ಲ. ಕಟ್ಟೆಯ ತಳದ ದಪ್ಪಕ್ಕೂ ಆಗ ಕಾರಣ ತಿಳಿಯುತ್ತದೆ. ಮುಂದೆ ಹೊಳಲ್ಕೆರೆಯ ಅಡಕೆ ತೋಟದಲ್ಲಿ, ಹನಿ ನೀರಾವರಿಯ ಮೊದಲ ಗಿಡಕ್ಕೂ ಕೊನೆಯ ಗಿಡಕ್ಕೂ ದೊರೆಯುವ ನೀರನ್ನು ಅವರೇ ಅಳೆದು ಹೋಲಿಸಬಹುದು.

ಅಧ್ಯಾಪಕರು ಗಮನಿಸಬೇಕಾದ ಅಂಶಗಳು ಮೂರು:

1. ಅಂಗಡಿಯಿಂದ ಕೊಂಡು ತಂದ ಮಾದರಿಯನ್ನು, ಅದೆಷ್ಟೇ ಅಂದವಾಗಿದ್ದರೂ, ಸ್ವೀಕರಿಸಕೂಡದು.

2. ಅಂಕಗಳಲ್ಲಿ ಅರ್ಧವಾದರೂ ಅಳತೆಯ ದಿನಚರಿಗೆ ಮೀಸಲಾಗಿರಲಿ. ಕೆಟ್ಟ ಪ್ರಯೋಗಕ್ಕೆ ಸರಿಯಾದ ಕಾರಣ ಕೊಟ್ಟವನಿಗೂ ಮನ್ನಣೆ ಸಲ್ಲಲಿ.

3. ಮೊದಲ ವಿವರಣೆ ಕನ್ನಡದಲ್ಲಿರಲಿ. ಇಂಗ್ಲಿಷ್ ಅದರ ಬೆನ್ನಿಗೆ ಬರಲಿ.

ಇದಕ್ಕೆ ಭಾರೀ ಯಂತ್ರಗಳು ಬೇಡ. ಸಾಮಾನ್ಯ ಉಪಕರಣಗಳಿರುವ, ಸಂಜೆಯೂ ತೆರೆದಿರುವ ಒಂದು ಕೊಠಡಿ, ಅಲ್ಲಿ ವಿದ್ಯಾರ್ಥಿಗಳೊಡನೆ ಕುಳಿತುಕೊಳ್ಳುವ ಅಧ್ಯಾಪಕ ಇಷ್ಟಿದ್ದರೆ ಸಾಕು. ದಾನಿಗಳು ಕಟ್ಟಡಕ್ಕೆ ನೀಡುವ ಔದಾರ್ಯದಲ್ಲಿ ಅಲ್ಪಭಾಗ ಇತ್ತ ಹರಿದರೂ, ಪ್ರಥಮ ವರ್ಷದಲ್ಲಿಯೇ ಧೈರ್ಯಗುಂದುವ ಅನೇಕ ಮಕ್ಕಳು ವಿದ್ಯೆಯಲ್ಲಿ ನೆಲೆನಿಲ್ಲುವರು.