ಜ್ಯಾಬಿಕ್ಸ್ ಸರ್ವರ್‌ಗೆ ಅಪ್‌ಡೇಟ್: ಎಡವುವುದು ಡೇಟಾಬೇಸ್‌ನಲ್ಲಿ

ರೌಟರ್, ಸ್ವಿಚ್, ಸರ್ವರ್‌ಗಳ ಮೇಲೆ ಕಣ್ಣಿಡುವ ಜ್ಯಾಬಿಕ್ಸ್ ಅನೇಕ ಕಚೇರಿಗಳಲ್ಲಿ ಉಬುಂಟು ಮೇಲೆ, ಮೈಎಸ್‌ಕ್ಯುಎಲ್ ಜೊತೆ ಓಡುತ್ತದೆ. ಬೇರೆ ಸರ್ವರ್ ಕೆಟ್ಟರೆ ಜ್ಯಾಬಿಕ್ಸ್ ಕೂಗುತ್ತದೆ. ಜ್ಯಾಬಿಕ್ಸೇ ಕೆಟ್ಟರೆ ಹೇಳುವವರಿಲ್ಲ. ಮೊಬೈಲ್‌ಗೆ ಅಲರ್ಟ್ ಬಾರದಿದ್ದರೆ ಎಲ್ಲ ಸರಿಯಿದೆ ಎಂದುಕೊಂಡು ದಿನ ಕಳೆಯುವುದೂ ಉಂಟು.

ಅಪ್‌ಡೇಟ್‌ಗೆ ಮುನ್ನ ಪಾಳಿಯಲ್ಲಿರುವವರಿಗೆ ತಿಳಿಸಬೇಕು. ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆದ ಕೂಡಲೇ ಟಿಮಕ್ಸ್ ತೆರೆದು ಅದರೊಳಗೇ ಕೆಲಸ ಮಾಡಿದರೆ, ನಡುವೆ ಸಂಪರ್ಕ ಕಡಿದರೂ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುವುದಿಲ್ಲ. ಹಳೆಯ ಕರ್ನಲ್‌ಗಳು ಬೂಟ್ ವಿಭಾಗ ತುಂಬಿದ್ದರೆ ಆಪ್ಟ್ ಆಟೋರಿಮೂವ್ ಕೊಟ್ಟು ಜಾಗ ಮಾಡಿಕೊಳ್ಳಬೇಕು.

ಮುಂದಿನದು ಬ್ಯಾಕಪ್. ಮೈಎಸ್‌ಕ್ಯುಎಲ್‌ಡಂಪ್ ಅನ್ನು ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆಯೊಂದಿಗೆ ಓಡಿಸಿ, ಫೈಲನ್ನು ಬೇರೆ ಯಂತ್ರದಲ್ಲಿಡಬೇಕು. ಹಿಸ್ಟರಿ ಟೇಬಲ್‌ಗಳು ನೂರಾರು ಜಿಬಿ ಇದ್ದು ಸಮಯ ಸಾಲದಿದ್ದರೆ ಅವುಗಳ ರಚನೆಯನ್ನಷ್ಟೇ ತೆಗೆದುಕೊಂಡರೂ ನಡೆಯುತ್ತದೆ: ಹಳೆಯ ಗ್ರಾಫ್ ಹೋದರೆ ಬೇಸರ, ಹೋಸ್ಟ್, ಟೆಂಪ್ಲೇಟ್, ಟ್ರಿಗರ್ ಹೋದರೆ ತಿಂಗಳ ಕೆಲಸ. ವಿಎಂ ಸ್ನ್ಯಾಪ್‌ಶಾಟ್ ಇದೆಯೆಂದು ಡಂಪ್ ಕೈಬಿಡುವುದು ಜಾಣತನವಲ್ಲ.

ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು ಇದರ ನಂತರ. ಆಪ್ಟ್ ಅಪ್‌ಗ್ರೇಡ್ ಎಂದು ಹೊಡೆದು, ಪಟ್ಟಿ ಓದದೆ ವೈ ಒತ್ತುತ್ತಾರೆ. ಉಬುಂಟುವಿನ ಪ್ಯಾಕೇಜ್‌ಗಳ ನಡುವೆ ಮೈಎಸ್‌ಕ್ಯುಎಲ್ ಕೂಡ ಸದ್ದಿಲ್ಲದೆ ಮೇಲೇರುತ್ತದೆ. 8.0.16ರಿಂದೀಚೆಗೆ ಅದು ಹೊಸ ಆವೃತ್ತಿಯಲ್ಲಿ ಎದ್ದೊಡನೆ ದತ್ತಾಂಶದ ಕಡತಗಳನ್ನೂ ತಾನಾಗಿ ಮೇಲ್ದರ್ಜೆಗೇರಿಸಿಕೊಳ್ಳುತ್ತದೆ. 8.0ರ ಒಂದು ಬಿಡುಗಡೆಯಿಂದ ಹಿಂದಿನದಕ್ಕೆ ಇಳಿಯಲು ದಾರಿಯಿಲ್ಲ. ಹಳೆಯ ಡಂಪ್ ಹಾಕಿಕೊಳ್ಳುವುದೊಂದೇ ಉಪಾಯ. ಆದ್ದರಿಂದ ಆಪ್ಟ್ ಲಿಸ್ಟ್ ಅಪ್‌ಗ್ರೇಡಬಲ್ ಕೊಟ್ಟು ಸಾಲುಸಾಲಾಗಿ ಓದಿ, ಡೇಟಾಬೇಸನ್ನು ಆಪ್ಟ್-ಮಾರ್ಕ್ ಹೋಲ್ಡ್‌ನಿಂದ ಕಟ್ಟಿಹಾಕಬೇಕು. ಬರೀ ಮೈಎಸ್‌ಕ್ಯುಎಲ್-ಸರ್ವರ್ ಎಂಬ ಹೆಸರಿಗೆ ಹೋಲ್ಡ್ ಹಾಕಿದರೆ ಉಪಯೋಗವಿಲ್ಲ, ಅದು ಖಾಲಿ ಡಬ್ಬ. ನಿಜವಾದ ಸರಕು ಇರುವ ಮೈಎಸ್‌ಕ್ಯುಎಲ್-ಸರ್ವರ್-8.0, ಮೈಎಸ್‌ಕ್ಯುಎಲ್-ಸರ್ವರ್-ಕೋರ್-8.0 ಎರಡನ್ನೂ ಹೆಸರಿಸಬೇಕು. ಉಬುಂಟುವಿನ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಬೆಳಗ್ಗೆ 6ರಿಂದ 7ರೊಳಗೆ ಯಾರನ್ನೂ ಕೇಳದೆ ಸುರಕ್ಷತಾ ಅಪ್‌ಡೇಟ್ ಹಾಕುತ್ತದೆ ಎಂಬುದೂ ನೆನಪಿರಲಿ. ಹೋಲ್ಡ್ ಇದ್ದರೆ ಅದೂ ಡೇಟಾಬೇಸ್ ಮುಟ್ಟುವುದಿಲ್ಲ.

ಜ್ಯಾಬಿಕ್ಸ್ ಸೇವೆ ನಿಲ್ಲಿಸಿ ಅಪ್‌ಗ್ರೇಡ್ ಓಡಿಸಬೇಕು. ಕಾನ್ಫಿಗರೇಷನ್ ಫೈಲ್ ಬದಲಿಸಲೇ ಎಂದು ಕೇಳಿದರೆ ಎನ್. ವೈ ಒತ್ತಿದರೆ ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲಿನ ಜಾಗಕ್ಕೆ ಹೊಸದು ಬಂದು ಕೂರುತ್ತದೆ. ರೀಬೂಟ್-ರಿಕ್ವೈರ್ಡ್ ಫೈಲ್ ಕಂಡರೆ ರೀಬೂಟ್ ಮಾಡಬೇಕು.

ಮೇಲೆದ್ದ ಬಳಿಕ ಲಾಗ್, ಕ್ಯೂ, 162ನೇ ಯುಡಿಪಿ ಪೋರ್ಟಿಗೆ ಬರುವ ಟ್ರ್ಯಾಪ್‌ಗಳನ್ನು ನೋಡಿ, ಪರೀಕ್ಷಾ ಅಲರ್ಟೊಂದನ್ನು ಮೊಬೈಲ್‌ಗೆ ಕಳುಹಿಸಬೇಕು. ಡೇಟಾಬೇಸ್‌ನ ಸರದಿ ಇನ್ನೊಂದು ರಾತ್ರಿ, ಹೊಸ ಡಂಪ್ ತೆಗೆದ ಮೇಲೆ. ಹೋಲ್ಡ್ ಬಿಚ್ಚುವವರೆಗೆ ಮೈಎಸ್‌ಕ್ಯುಎಲ್‌ಗೆ ಯಾವ ಸುರಕ್ಷತಾ ತಿದ್ದುಪಡಿಯೂ ಬರುವುದಿಲ್ಲ.