ವಿದ್ಯುತ್ ಉಪಕರಣಗಳೂ ವಿಷದ್ರವ್ಯಗಳ ನಿಯಮವೂ

ತಂತಿಯನ್ನು ಮುಟ್ಟಿದರೆ ಆಘಾತವಾದೀತೆಂಬ ಭಯವು ನಮಗೆಲ್ಲರಿಗೂ ಉಂಟು. ಆದರೆ ವಿದ್ಯುತ್ತು ಹರಿಯದಿರುವಾಗಲೂ, ಉಪಕರಣವು ಕೆಟ್ಟು ಮೂಲೆ ಸೇರಿದ ಮೇಲೂ ಅದರೊಳಗೆ ಉಳಿದಿರುವ ಇನ್ನೊಂದು ಅಪಾಯವಿದೆ. ಅದು ಆ ಉಪಕರಣವನ್ನು ಮಾಡಿದ ದ್ರವ್ಯಗಳಲ್ಲಿಯೇ ಅಡಗಿರುವುದು.

ಬಹುಕಾಲದವರೆಗೆ ಬಿಡಿಭಾಗಗಳನ್ನು ಜೋಡಿಸುವ ಬೆಸುಗೆಯಲ್ಲಿ ನೂರಕ್ಕೆ 63 ಪಾಲು ತವರವೂ 37 ಪಾಲು ಸೀಸವೂ ಇರುತ್ತಿದ್ದವು. ಕೊಳವೆದೀಪದಲ್ಲಿ ಪಾದರಸ, ಪ್ಲಾಸ್ಟಿಕ್ಕಿನ ಬಣ್ಣದಲ್ಲಿಯೂ ಸ್ವಿಚ್ಚಿನ ಸಂಪರ್ಕಬಿಂದುಗಳಲ್ಲಿಯೂ ಕ್ಯಾಡ್ಮಿಯಂ, ತುಕ್ಕು ಹಿಡಿಯದಂತೆ ತಿರುಪುಮೊಳೆಗಳಿಗೆ ಕೊಟ್ಟ ಲೇಪದಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ, ಬೆಂಕಿ ಹೊತ್ತಿಕೊಳ್ಳದಂತೆ ಪ್ಲಾಸ್ಟಿಕ್ಕಿಗೆ ಬೆರೆಸಿದ ಎರಡು ಬಗೆಯ ಬ್ರೋಮಿನ್ ಸಂಯುಕ್ತಗಳು. ಇವನ್ನು ಯಾರೂ ದುರುದ್ದೇಶದಿಂದ ಸೇರಿಸಿದವರಲ್ಲ. ಒಂದೊಂದೂ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು.

ಕೇಡು ತೋರುವುದು ಉಪಕರಣದ ಆಯುಸ್ಸು ಮುಗಿದ ಬಳಿಕ. ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್ ಮೊದಲಾದೆಡೆಗಳಲ್ಲಿ ಹಳೆಯ ಯಂತ್ರಗಳನ್ನು ಬರಿಗೈಯಿಂದ ಒಡೆದು, ತಾಮ್ರಕ್ಕಾಗಿ ತಂತಿಗಳನ್ನು ಸುಟ್ಟು, ಇತರ ಲೋಹಗಳಿಗಾಗಿ ಫಲಕಗಳನ್ನು ಆಮ್ಲದಲ್ಲಿ ಅದ್ದುವ ಕಸುಬು ನಡೆದುಬಂದಿದೆ. ಆ ಹೊಗೆಯನ್ನು ಸೇವಿಸುವವರಲ್ಲಿ ನಿಮ್ಮ ವಯಸ್ಸಿನವರೂ ಇದ್ದಾರೆ. ಸೀಸವು ಬೆಳೆಯುವ ಮಕ್ಕಳ ಮಿದುಳಿಗೆ ವಿಶೇಷವಾಗಿ ಹಾನಿಕರ. ಕ್ಯಾಡ್ಮಿಯಂ ಮೂತ್ರಪಿಂಡಗಳಲ್ಲಿ ವರ್ಷಗಟ್ಟಲೆ ನೆಲೆಸುತ್ತದೆ.

ಕಾನೂನು ಈ ವಿಷಯದಲ್ಲಿ ಎಷ್ಟು ಕಠಿಣವಾಗಬಲ್ಲುದೆಂಬುದು 2001ರಲ್ಲಿ ಕಂಡುಬಂದಿತು. ಸೋನಿ ಸಂಸ್ಥೆಯ ಸುಮಾರು 13 ಲಕ್ಷ ಆಟದ ಯಂತ್ರಗಳನ್ನು ನೆದರ್‌ಲ್ಯಾಂಡ್ಸಿನ ಅಧಿಕಾರಿಗಳು ತಡೆಹಿಡಿದರು. ದೋಷವಿದ್ದುದು ಯಂತ್ರದಲ್ಲಲ್ಲ, ಅದರ ಜೊತೆಗಿದ್ದ ತಂತಿಯಲ್ಲಿ! ಅದರಲ್ಲಿ ಆ ದೇಶವು ಅನುಮತಿಸಿದುದಕ್ಕಿಂತ ಹೆಚ್ಚು ಕ್ಯಾಡ್ಮಿಯಂ ಇದ್ದಿತು. ಬಳಿಕ ಐರೋಪ್ಯ ಒಕ್ಕೂಟವು ಮೇಲೆ ಹೇಳಿದ ಆರು ದ್ರವ್ಯಗಳನ್ನು ನಿರ್ಬಂಧಿಸುವ ಶಾಸನವನ್ನು ರಚಿಸಿತು. ಅದು 2006ರ ಜುಲೈ 1ರಿಂದ ಅನ್ವಯವಾಯಿತು. ಕ್ಯಾಡ್ಮಿಯಂಗೆ ಮಿತಿ ತೂಕದಲ್ಲಿ ಶೇಕಡಾ 0.01, ಉಳಿದ ಐದಕ್ಕೆ ಶೇಕಡಾ 0.1. ಪ್ಲಾಸ್ಟಿಕ್ಕನ್ನು ಮೃದುಗೊಳಿಸುವ ನಾಲ್ಕು ಥ್ಯಾಲೇಟುಗಳು 2019ರಿಂದ ಅಲ್ಲಿಯ ಪಟ್ಟಿಗೆ ಸೇರಿವೆ.

ಶೇಕಡಾ 0.1 ಎಂದರೆ ಯಾವುದರಲ್ಲಿ? ಇಲ್ಲಿಯೇ ಅನೇಕರು ಎಡವುವುದು. ಒಂದು ಕಿಲೋಗ್ರಾಂ ತೂಗುವ ರೇಡಿಯೋದಲ್ಲಿ 2 ಗ್ರಾಂ ಹಳೆಯ ಬಗೆಯ ಬೆಸುಗೆ ಇದೆಯೆನ್ನೋಣ. ಅದರಲ್ಲಿರುವ ಸೀಸ 0.74 ಗ್ರಾಂ. ಇಡೀ ರೇಡಿಯೋದ ತೂಕಕ್ಕೆ ಭಾಗಿಸಿದರೆ ಶೇಕಡಾ 0.074, ಮಿತಿಗಿಂತ ಕಡಿಮೆ, ಆದುದರಿಂದ ತೇರ್ಗಡೆ ಎನ್ನುವಿರಿ. ನಿಯಮವು ಹಾಗೆ ಎಣಿಸುವುದಿಲ್ಲ. ಕತ್ತರಿಸುವುದು, ಪುಡಿಮಾಡುವುದು, ಉಜ್ಜುವುದು ಮೊದಲಾದ ಯಾಂತ್ರಿಕ ಕ್ರಿಯೆಗಳಿಂದ ಮತ್ತೆ ಬೇರ್ಪಡಿಸಲಾಗದ ಪ್ರತಿಯೊಂದು ಏಕರೂಪ ದ್ರವ್ಯವನ್ನೂ ಅದು ಪ್ರತ್ಯೇಕವಾಗಿ ತೂಗುತ್ತದೆ. ಬೆಸುಗೆ ಒಂದು, ತಂತಿಯ ತಾಮ್ರ ಇನ್ನೊಂದು, ಅದರ ಹೊದಿಕೆ ಮತ್ತೊಂದು, ತಿರುಪುಮೊಳೆಯ ಮೇಲಿನ ತೆಳುಲೇಪವೂ ಬೇರೆಯೇ. ನಮ್ಮ ಬೆಸುಗೆಯಲ್ಲಿ ಸೀಸವು ಶೇಕಡಾ 37, ಅಂದರೆ ಮಿತಿಯ 370 ಪಟ್ಟು. ಭಾರವಾದ ಪೆಟ್ಟಿಗೆಯೊಳಗೆ ವಿಷವನ್ನು ಬಚ್ಚಿಡುವ ಉಪಾಯವು ಇದರಿಂದ ತಪ್ಪಿತು. ಇಡೀ ಶಾಸನದಲ್ಲಿ ಅತ್ಯಂತ ಜಾಣತನದ ಮಾತು ಇದೇ ಎಂದು ನನಗೆ ತೋರುತ್ತದೆ.

ಸೀಸವನ್ನು ಬಿಡುವುದು ಸುಲಭವಾಗಲಿಲ್ಲ. ಹಳೆಯ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತಿತ್ತು. ತವರ, ಬೆಳ್ಳಿ, ತಾಮ್ರಗಳ ಹೊಸ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಆ ಕಾವನ್ನು ತಾಳುವಂತೆ ಬಿಡಿಭಾಗಗಳನ್ನೂ ಸುಧಾರಿಸಬೇಕಾಯಿತು. ಇದಲ್ಲದೆ ಶುದ್ಧ ತವರದ ಮೇಲೆ ಕೂದಲಿನಂತಹ ಸಣ್ಣ ಎಳೆಗಳು ತಾವಾಗಿಯೇ ಬೆಳೆದು ಮಂಡಲವನ್ನು ಕೆಡಿಸುವುದುಂಟು. ತುಸು ಸೀಸ ಬೆರೆತಿದ್ದಾಗ ಈ ಕಾಟ ವಿರಳವಾಗಿತ್ತು. ಬದಲಿ ದೊರೆಯದ ಕೆಲವು ಕಡೆಗಳಲ್ಲಿ, ಉದಾಹರಣೆಗೆ ಕೊಳವೆದೀಪದೊಳಗಿನ ಕೆಲವೇ ಮಿಲಿಗ್ರಾಂ ಪಾದರಸಕ್ಕೆ, ರಿಯಾಯಿತಿ ಕೊಡಲ್ಪಟ್ಟಿತು.

ನಮ್ಮ ದೇಶದಲ್ಲಿ 2011ರ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ಇದೇ ಆರು ದ್ರವ್ಯಗಳಿಗೆ ಇದೇ ಮಿತಿಗಳನ್ನು ವಿಧಿಸಿದವು. ಅವು 2014ರ ಮೇ 1ರಿಂದ ಹೊಸ ಉಪಕರಣಗಳಿಗೆ ಅನ್ವಯಿಸಿದವು. ಈಗ ಜಾರಿಯಲ್ಲಿರುವುದು 2023ರ ಏಪ್ರಿಲ್ 1ರಿಂದ ಬಂದ 2022ರ ನಿಯಮಾವಳಿ. ಇನ್ವರ್ಟರಿನ ಬ್ಯಾಟರಿಯಲ್ಲಿ ಸೀಸವೇ ತುಂಬಿರುವುದಲ್ಲವೇ ಎಂದು ನೀವು ಕೇಳಬಹುದು. ಹೌದು, ತ್ಯಾಜ್ಯ ಬ್ಯಾಟರಿಗಳಿಗೆ ಬೇರೆಯ ನಿಯಮಗಳಿವೆ. ಅಂತೆಯೇ 2014ರ ಮೇ 1ಕ್ಕಿಂತ ಮೊದಲು ಮಾರಾಟಕ್ಕೆ ಬಂದ ಯಂತ್ರಗಳ ಬಿಡಿಭಾಗಗಳು ಹೊಸ ಮಾದರಿಯಲ್ಲಿ ದೊರೆಯದಿದ್ದರೆ ಹಳೆಯ ಬಗೆಯವನ್ನು ಒದಗಿಸಬಹುದು. ಆದುದರಿಂದ ರಿಪೇರಿ ಅಂಗಡಿಗಳಲ್ಲಿ ಸೀಸವು ಇನ್ನೂ ಕೆಲಕಾಲ ಕೈಗೆ ಹತ್ತುವುದು.

ಪರೀಕ್ಷೆ ನಡೆಯುವ ಬಗೆಯೂ ಸ್ವಾರಸ್ಯಕರ. ಕ್ಷ-ಕಿರಣವನ್ನು ಹಾಯಿಸಿದಾಗ ಪ್ರತಿಯೊಂದು ಮೂಲವಸ್ತುವೂ ತನ್ನದೇ ಆದ ಶಕ್ತಿಯ ಕ್ಷ-ಕಿರಣವನ್ನು ಹೊಮ್ಮಿಸುತ್ತದೆ. ಅದನ್ನಳೆದು ಸೀಸ, ಪಾದರಸ, ಕ್ಯಾಡ್ಮಿಯಂಗಳನ್ನು ಕ್ಷಣಮಾತ್ರದಲ್ಲಿ ಗುರುತಿಸಬಹುದು. ಆದರೆ ಈ ಕಿರಣವು ಕ್ರೋಮಿಯಂ ಇದೆಯೆಂದು ಮಾತ್ರ ಹೇಳೀತು, ಅದರ ವೇಲೆನ್ಸಿಯನ್ನು ಹೇಳಲಾರದು. ಉಕ್ಕಿನ ಪಾತ್ರೆಯ ನಿರುಪದ್ರವಿ ಕ್ರೋಮಿಯಮ್ಮೋ, ನಿಷಿದ್ಧವಾದ ಆರು ವೇಲೆನ್ಸಿಯದೋ ಎಂಬುದನ್ನು ತಿಳಿಯಲು ರಸಾಯನಶಾಲೆಯ ದ್ರಾವಣಪರೀಕ್ಷೆಗೇ ಹೋಗಬೇಕು.