ಬೀಜವಿಲ್ಲದೆ ಹುಟ್ಟಿದ ಗಿಡ

ಶೇಂಗಾ ಬೀಜವನ್ನು ಬಿಡಿಸಿ ನೋಡಿ. ಎರಡು ಬೇಳೆ. ತುದಿಯಲ್ಲಿ ಪುಟ್ಟ ಮೊಳಕೆ. ಇವೆಲ್ಲಾ ಸೇರಿ ಭ್ರೂಣ. ಅಂದರೆ ಗಿಡದ ಕೂಸು.

ಬೀಜವಿಲ್ಲದೆ ಈ ಕೂಸು ಹುಟ್ಟುತ್ತದೆಯೇ? ಹುಟ್ಟುತ್ತದೆ. 1958ರಲ್ಲಿ ಅಮೆರಿಕದಲ್ಲಿ ಸ್ಟುವರ್ಡ್ ಎಂಬ ವಿಜ್ಞಾನಿ ಗಜ್ಜರಿಯಿಂದ, ಅಂದರೆ ಕ್ಯಾರೆಟ್‌ನಿಂದ, ಇದನ್ನು ಮಾಡಿ ತೋರಿಸಿದರು. ಅದಕ್ಕೆ ಅವರು ಬಳಸಿದ್ದು ತೆಂಗಿನಕಾಯಿ ನೀರು! ಗಿಡ ಬೆಳೆಸುವ ಹಾರ್ಮೋನು ಆ ನೀರಿನಲ್ಲಿದೆ.

ಈಗ ಪ್ರಯೋಗಶಾಲೆಯಲ್ಲಿ ಹೀಗೆ ಮಾಡ್ತಾರೆ:

1. ಕ್ರಿಮಿ ಇಲ್ಲದ ಸೀಸೆಯಲ್ಲಿ ಸಕ್ಕರೆ, ಲವಣ ಬೆರೆಸಿದ ಆಹಾರ ಹಾಕ್ತಾರೆ. ಅದರಲ್ಲಿ ಗಜ್ಜರಿ ಚೂರು ಇಡ್ತಾರೆ.

2. 2,4-ಡಿ ಸೇರಿಸ್ತಾರೆ. ಇದು ಹಾರ್ಮೋನಿನಂತೆ ಕೆಲಸ ಮಾಡುತ್ತದೆ. ಅಳತೆ, ಲೀಟರಿಗೆ ಸುಮಾರು 1 ಮಿಲಿಗ್ರಾಂ. ಚೂರು ಊದಿ ಗಂಟಾಗುತ್ತದೆ.

3. ಗಂಟನ್ನು 2,4-ಡಿ ಇಲ್ಲದ ಸೀಸೆಗೆ ಬದಲಾಯಿಸ್ತಾರೆ. ಆಗ ಭ್ರೂಣಗಳು ಮೂಡುತ್ತವೆ. ಮೊದಲು ಗುಂಡಗೆ, ಆಮೇಲೆ ಹೃದಯದ ಆಕಾರ. ಕೊನೆಗೆ ಬೇರು, ಚಿಗುರು ಬರುತ್ತವೆ.

2,4-ಡಿ ತೆಗೆಯದಿದ್ದರೆ? ಗಂಟು ಗಂಟಾಗಿಯೇ ಉಳಿಯುತ್ತದೆ. ಕೂಸು ಬೆಳೆಯೋದಿಲ್ಲ.

2,4-ಡಿ ಹೆಸರು ರೈತರಿಗೆ ಹೊಸದಲ್ಲ. ಕಬ್ಬಿನ ಹೊಲದಲ್ಲಿ ಅಗಲ ಎಲೆಯ ಕಳೆ ಸಾಯಿಸಲು ಹೊಡೆಯುವ ಔಷಧಿ ಇದೇ! ಸೀಸೆಯಲ್ಲಿ ಅತಿ ಸ್ವಲ್ಪ, ಗಿಡ ಹುಟ್ಟಲು ನೆರವು. ಹೊಲದಲ್ಲಿ ಹೆಚ್ಚು, ಗಿಡಕ್ಕೆ ಸಾವು. ಗಾಳಿಯಲ್ಲಿ ತೇಲಿಹೋದರೆ ಪಕ್ಕದವರ ಹತ್ತಿ, ಟೊಮ್ಯಾಟೊ ಕೂಡ ಮುರುಟುತ್ತವೆ.

ಹಾಗಾಗಿ ಔಷಧಿ ಡಬ್ಬಿಯ ಮೇಲಿನ ಚೀಟಿಯನ್ನು ನೀವೇ ಓದಿ. ಅಳತೆ ನೋಡಿ. ಗಾಳಿ ಇರುವಾಗ ಹೊಡೆಯಬೇಡಿ.

ಉತ್ತರ ಹೇಳಿ:

1. ಭ್ರೂಣ ಎಂದರೇನು?

2. 2,4-ಡಿ ತೆಗೆದಾಗ ಗಂಟಿನಲ್ಲಿ ಏನು ಮೂಡುತ್ತದೆ?

3. ನಿಮ್ಮ ಮನೆಯ ಔಷಧಿ ಡಬ್ಬಿಯಲ್ಲಿ ಅಳತೆ ಎಷ್ಟೆಂದು ಬರೆದಿದೆ?